ಐವತ್ತನಾಲ್ಕು ಮೆಟ್ಟಿಲು ಇಳಿದ ಸಮುದ್ರ

ಮನೆ, ಕೆಳಗಿನ ಓದುಮನೆ
ಹದಿನೇಳನೇ ತಾರೀಖು, ಶನಿವಾರ, ಮಧ್ಯಾಹ್ನ

ಪ್ರೀತಿಯ ಅಜ್ಜೀ,

ಹೇಗಿದ್ದೀಯ? ಸೊಂಟ ಏನನ್ನುತ್ತದೆ? ಕೋಲಿಲ್ಲದೆ ಹಜಾರದ ಈ ತುದಿಯಿಂದ ಆ ತುದಿಯವರೆಗೆ ನಡೆದೆಯಂತೆ, ಅತ್ತೆ ಫೋನಿನಲ್ಲಿ ಹೇಳಿದರು. ನಾನು ಅರ್ಧ ನಂಬಿದೆ. ನಡುವೆ ಎರಡು ಸಲವಾದರೂ ಗೋಡೆ ಹಿಡಿದಿರುತ್ತೀಯ, ಯಾರಾದರೂ ನೋಡಿಬಿಟ್ಟರೆ ಬಣ್ಣ ಚೆನ್ನಾಗಿದೆ ಅಂತ ಸವರಿರುತ್ತೀಯ. ಮಾತ್ರೆ ತಪ್ಪಿಸಬೇಡ. ಊಟದ ಮೇಲೆ ಅಂದರೆ ಊಟದ ಮೇಲೆ, ಊಟದ ಬದಲು ಅಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಕೆಮ್ಮು ಹೋಗಿದೆ, ಅಮ್ಮನಿಗೆ ಈ ವಾರ ಬೆಳಗಿನ ಪಾಳಿ. ನೀರಿನ ಸದ್ದಿಲ್ಲದ ಮನೆಯಲ್ಲಿ ನಿದ್ದೆ ಹತ್ತುವುದಿಲ್ಲ ಅಂತ ಬರೆದಿದ್ದೆಯಲ್ಲ, ಆ ಸಾಲು ನನ್ನ ತಲೆಯಿಂದ ಇಳಿದೇ ಇಲ್ಲ. ಈಗ ಬರೆಯುವಾಗಲೂ ನನ್ನ ಬೆನ್ನ ಹಿಂದೆ ಆ ಸದ್ದಿದೆ. ಕಾಗದದಲ್ಲಿ ಮಡಚಿ ಕಳಿಸುವಂತಿದ್ದರೆ ಮೊದಲು ಅದನ್ನೇ ಕಳಿಸುತ್ತಿದ್ದೆ.

ನಿನ್ನ ಕಳೆದ ಪತ್ರವನ್ನು ಏಳು ಸಲ ಓದಿದೆ. ಎಂಟನೇ ಸಲಕ್ಕೆ ಸಿಟ್ಟು ಬಂತು. ‘ತೊಟ್ಟಿ ಸೋರುತ್ತಿದೆ, ನನ್ನ ಸೊಂಟವೂ ಮುರಿದಿದೆ. ಮೂರನೇ ಮಹಡಿಯ ಆ ಐವತ್ತನಾಲ್ಕು ಮೆಟ್ಟಿಲು ಇನ್ನು ನನ್ನಿಂದಾಗದು. ಮೀನು, ಹವಳ ಎಲ್ಲ ಅಂಗಡಿಯವನಿಗೆ ಕೊಟ್ಟುಬಿಡಿ. ಇಲ್ಲೇ ಇದ್ದುಬಿಡು ಅಂತಾಳೆ ನಿನ್ನ ಅತ್ತೆ, ತಿಂಗಳ ಕೊನೆಗೆ ಹೇಳ್ತೀನಿ ಅಂದಿದ್ದೇನೆ.’ ಹದಿನಾರು ವರ್ಷ ಒಂದು ಸಮುದ್ರವನ್ನು ಸಾಕಿದವಳು ಹೀಗೆ ನಾಲ್ಕು ಸಾಲಿನಲ್ಲಿ ರಾಜೀನಾಮೆ ಕೊಡಬಹುದೇ? ಯಾರನ್ನು ಕೇಳಿ ಕೊಟ್ಟೆ? ಸಭೆ ಸೇರಿತ್ತಾ? ಕೈ ಎತ್ತಿದವರು ಯಾರು? ಅಪ್ಪ ಪತ್ರ ಓದಿ, ‘ಅವಳು ಹೇಳೋದೂ ಸರಿ ಕಣೇ’ ಅಂದರು. ಅಪ್ಪನಿಗೆ ಎಲ್ಲರೂ ಹೇಳೋದೂ ಸರಿ. ನಾನು ಅಂಗಡಿಯವನಿಗೆ ಫೋನ್ ಮಾಡಲಿಲ್ಲ, ಗಾಜಿನ ಕೆಲಸದವನಿಗೆ ಮಾಡಿದೆ. ಕಳೆದ ಭಾನುವಾರ ನಿನ್ನ ಅಕ್ವೇರಿಯಂ ಹೊಸ ತೊಟ್ಟಿಗೆ ಹೋಯಿತು. ಗಾಬರಿಯಾಗಬೇಡ, ಬದುಕಿದೆ. ಎಲ್ಲವೂ ಅಲ್ಲ. ಅದನ್ನೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ, ಆದರೆ ಕ್ರಮವಾಗಿ ಹೇಳಲು ಬಿಡು.

ನೀನು ನಗುತ್ತಿರಬಹುದು. ಹದಿನೈದನೇ ವಯಸ್ಸಿನಲ್ಲಿ ‘ಇದು ಜೈಲು’ ಅಂತ ಬರೆದು ಆ ಗಾಜಿಗೆ ಅಂಟಿಸಿದವಳು ಇದೇ ನಾನು. ನೀನು ಚೀಟಿ ಕಿತ್ತು ಹಾಕಲಿಲ್ಲ. ಒಂದು ವಾರ ಬಿಟ್ಟು, ‘ಬಾಗಿಲು ತೆಗೆದಿಟ್ಟಿದ್ದೀನಿ ಕಣೇ ಕರಪತ್ರ, ಒಬ್ಬರೂ ಹೊರಡಲಿಲ್ಲ. ಇವರೆಲ್ಲ ತೊಟ್ಟಿಯಲ್ಲೇ ಹುಟ್ಟಿದವರು, ಹೋಗೋದಾದರೂ ಎಲ್ಲಿಗೆ?’ ಅಂದೆ. ಅವತ್ತಿನಿಂದ ನನ್ನ ಹೆಸರೇ ಕರಪತ್ರ ಆಯಿತು. ಸಮುದ್ರ ಯಾರ ಆಸ್ತಿಯೂ ಆಗಬಾರದು ಅನ್ನುವುದನ್ನು ನಾನು ಈಗಲೂ ನಂಬುತ್ತೇನೆ. ಆದರೆ ನಂಬಿಕೆ ಇದೆ ಅಂತ ಸೋರುವ ತೊಟ್ಟಿಯ ಮುಂದೆ ಕೈ ಕಟ್ಟಿಕೊಂಡು ನಿಲ್ಲಲಾಗುತ್ತದೆಯೇ? ಹಿಂದಿನ ಮೂಲೆಯ ಅಂಟು ಬಿಟ್ಟು, ಕೆಳಗೆ ಹಾಸಿದ ಟವೆಲನ್ನು ದಿನಕ್ಕೆ ಮೂರು ಸಲ ಹಿಂಡುತ್ತಿದ್ದೆ. ಹಿಂಡಿದ ಕೈ ಒಣಗಿದರೆ ಉಪ್ಪಿನ ಪುಡಿ.

ಗಾಜಿನವನು ಹೊಸ ತೊಟ್ಟಿಗೆ ಎರಡು ದಿನ ತನ್ನ ಅಂಗಡಿಯಲ್ಲೇ ಸಿಹಿನೀರು ತುಂಬಿಸಿ, ಕೆಳಗೆ ಹಳೆಯ ಪೇಪರ್ ಹಾಸಿ ಇಟ್ಟಿದ್ದ. ಒಂದು ಅಕ್ಷರವೂ ಒದ್ದೆಯಾಗಿರಲಿಲ್ಲ. ಉಪ್ಪುನೀರನ್ನು ಶುಕ್ರವಾರವೇ ಕಲಸಿಟ್ಟೆವು. ಅಮ್ಮ ಡ್ರಮ್ಮಿನ ಮುಂದೆ ನಿಂತು ಕಟ್ಟಿಗೆ ತಿರುಗಿಸುತ್ತಾ, ‘ನಿಮ್ಮಜ್ಜಿಯ ಸಾರಿಗೂ ಇಷ್ಟು ಕಾಳಜಿ ಮಾಡಿರಲಿಲ್ಲ ನಾನು’ ಅಂದರು. ನೀರಿನ ಉಪ್ಪು ಅಳೆಯುವ ನಿನ್ನ ಪುಟ್ಟ ದುರ್ಬೀನಿಗೆ ಹನಿ ಹಾಕಿ ಬೆಳಕಿಗೆ ಹಿಡಿದು ನೋಡಿದೆ, ಹಳೆ ನೀರು ಹೊಸ ನೀರು ಒಂದೇ ಗೆರೆಗೆ ಬರುವವರೆಗೆ. ನೀನು ಬರೆದಿಟ್ಟಿದ್ದ ಸೂಚನೆಯ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಂದ ತೆಗೆದು ಜೇಬಿನಲ್ಲಿಟ್ಟುಕೊಂಡೆ.

ಭಾನುವಾರ ಬೆಳಿಗ್ಗೆ ನಾಲ್ವರು ತೊಟ್ಟಿ ಹೊತ್ತೆವು. ಗಾಜಿನವನು, ಅವನ ಜೊತೆಗಾರ, ಅಪ್ಪ, ನಾನು. ಅಳತೆ ಟೇಪು ನನ್ನ ಹತ್ತಿರ ಇದ್ದುದರಿಂದ ನಾನೇ ಮುಂದೆ, ಹಿಮ್ಮುಖವಾಗಿ ಹತ್ತುತ್ತಾ. ಮೊದಲ ತಿರುವಿನಲ್ಲೇ ನಿಲ್ಲಿಸಬೇಕಾಯಿತು. ನಾಲ್ಕು ಬೆರಳು ಸಾಲುತ್ತಿಲ್ಲ ಅಂದೆ. ಅಪ್ಪ ಬೆವರು ಒರೆಸಲೂ ಆಗದೆ, ‘ಬಾಗಿಲು ಅಳೆದೆ, ತಿರುವು ಅಳೀಲಿಲ್ವೇನೇ? ಪ್ರಪಂಚ ತಿರುಗಿಸೋಕೆ ಹೊರಟವಳು ತೊಟ್ಟಿ ತಿರುಗಿಸೋಕಾಗಲಿಲ್ವಲ್ಲ!’ ಅಂದರು. ಗಾಜಿನವನು ತಿರುವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಅಳತೆ ಹಿಡಿದವರು ಹೇಳಿದ ಮೇಲೆ ಮುಗೀತು’ ಅಂದ. ತೊಟ್ಟಿ ಮತ್ತೆ ಕೆಳಗಿಳಿಯಿತು. ಕಬ್ಬಿಣದ ಸ್ಟ್ಯಾಂಡು ಹೇಗೂ ಕೆಳಗೆ ನಮ್ಮ ಓದುಮನೆಯಲ್ಲೇ ಇಳಿದಿತ್ತು. ಓದುಮನೆ ನಡೆಸುವ ನಮ್ಮ ಐವರ ಬಳಗದ ಬೆಂಚು ಸರಿಸಿ, ಕರಪತ್ರದ ಕಟ್ಟುಗಳನ್ನು ಕಿಟಕಿಯ ಮೇಲಿಟ್ಟು, ಸದ್ಯಕ್ಕೆ ಅಂತ ಅಲ್ಲೇ ಕೂರಿಸಿದೆವು. ಸದ್ಯಕ್ಕೆ ಅನ್ನುವ ಪದವನ್ನು ಅಪ್ಪ ಮೂರು ಸಲ ಹೇಳಿದರು.

ಅಂದರೆ ಸಮುದ್ರವೇ ಕೆಳಗಿಳಿಯಬೇಕಾಯಿತು. ಅಜ್ಜೀ, ಅದನ್ನು ನೀನು ನೋಡಬೇಕಿತ್ತು. ಬಕೆಟ್ಟಿನ ನಂತರ ಬಕೆಟ್ಟು, ಹತ್ತೊಂಬತ್ತು ಸಲ. ಮೊದಲು ಹಳೆ ನೀರು, ಆಮೇಲೆ ಹವಳಗಳು, ಆಮೇಲೆ ಕಲ್ಲುಗಳು, ಕೊನೆಗೆ ಮೀನು. ಮೆಟ್ಟಿಲ ಕಿಂಡಿಯ ಬಿಸಿಲು ಒಂದೊಂದು ಬಕೆಟ್ಟಿನೊಳಗೂ ಬಿದ್ದು, ಗೋಡೆಯ ಮೇಲೆ ಬೆಳಕಿನ ಬಲೆ ತೂಗಾಡುತ್ತಿತ್ತು. ನಾವು ಇಳಿದಂತೆ ಅದೂ ಜೊತೆಗೆ ಇಳಿಯುತ್ತಿತ್ತು, ಬಾಗಿಲುಗಳನ್ನು, ಚಪ್ಪಲಿಗಳನ್ನು, ಎರಡನೇ ಮಹಡಿಯವರ ಸೈಕಲ್ಲನ್ನು ಮುಟ್ಟಿ ಮುಟ್ಟಿ. ಹೆಬ್ಬೆರಳ ಗಾತ್ರದಲ್ಲಿ ಬಂದು ಈಗ ಕುಂಬಳಕಾಯಿಯಷ್ಟಾಗಿರುವ ನಿನ್ನ ಹಸಿರು ಹವಳ ದೊಡ್ಡಮ್ಮನನ್ನು ನಾನೇ ಹೊತ್ತೆ. ಅವಳು ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಸಿಟ್ಟಿನಲ್ಲಿ ಮುದುಡಿದ್ದಳು. ಪಟ್ಟೆ ಮೀನು ಗಂಡ ಹೆಂಡತಿ ಒಂದೇ ಬಕೆಟ್ಟಿನಲ್ಲಿ. ಅಲ್ಲೂ ಹೆಂಡತಿಯದೇ ದರ್ಬಾರು, ಗಂಡ ಅಂಚಿಗೆ. ಮೀನುಗಳ ಕಿವಿರು ಶುಚಿ ಮಾಡುವ ಸಿಗಡಿ, ನಿನ್ನ ಕಾಂಪೌಂಡರ್, ಒಂದು ಪಾತ್ರೆಯಲ್ಲಿ ಒಬ್ಬನೇ, ಬಿಳಿ ಮೀಸೆ ಆಡಿಸುತ್ತಾ. ಎಲ್ಲ ಇಳಿದ ಮೇಲೆ ಓದುಮನೆಯ ತುಂಬಾ ಸಣ್ಣ ಸಣ್ಣ ಸಮುದ್ರಗಳು. ಅಪ್ಪ ಊಟಕ್ಕೆ ಹೋದರು. ನಾನು ಆ ಬಕೆಟ್ಟುಗಳ ನಡುವೆ ನೆಲದ ಮೇಲೆ ಒರಗಿದೆ, ಯಾವಾಗಲೋ ಕಣ್ಣು ಹತ್ತಿತು. ನೀನು ಹಜಾರದಲ್ಲಿ ನಡೆಯುತ್ತಿದ್ದೆ, ಹಜಾರದ ತುಂಬಾ ಮೊಣಕಾಲಿನವರೆಗೆ ನೀರು, ಅದಕ್ಕೇ ನಿನಗೆ ಭಾರವೇ ಆಗುತ್ತಿರಲಿಲ್ಲ. ಎದ್ದಾಗ ಕೆನ್ನೆಗೆ ಸಿಮೆಂಟಿನ ಗುರುತು, ಸುತ್ತಲೂ ನೀರಿಗೆ ಗಾಳಿ ಊದುವ ಕಲ್ಲುಗಳ ಗುಳುಗುಳು.

ಈಗ ತಪ್ಪಿನ ಸಂಗತಿ. ಕಲ್ಲುಗಳು ನನ್ನ ಮುಂದಿದ್ದವು, ಹದಿನಾಲ್ಕು. ಹದಿನಾರು ವರ್ಷದ ಪಾಚಿ, ಕಂದು ಲೋಳೆ, ಬಿಳಿ ಕೊಳವೆಗಳು, ಹೆಸರಿಲ್ಲದ ಕೊಳೆ. ‘ಹೊಸದನ್ನು ಕಟ್ಟುವವರು ಹಳೆಯದರ ಕೊಳೆಯನ್ನು ಒಳಗೆ ತರಬಾರದು’ ಅನ್ನುವ ಸಾಲನ್ನು ನಾನು ಯಾವುದೋ ಕರಪತ್ರದಲ್ಲಿ ಓದಿ ಗೋಡೆಗೂ ಬರೆದಿದ್ದೇನೆ. ನಿನ್ನ ಹಾಳೆಯಲ್ಲಿ ‘ಕಲ್ಲು ತೊಳೆಯಬೇಡ’ ಅಂತ ಕೆಳಗೆ ಎರಡು ಗೆರೆ ಎಳೆದು ಬರೆದಿತ್ತು. ಹಳೆ ಕಾಲದವರ ಸೋಮಾರಿತನ ಅಂದುಕೊಂಡೆ, ಕ್ಷಮಿಸು. ಬ್ರಷ್ ತಗೊಂಡೆ, ನಲ್ಲಿ ಬಿಟ್ಟೆ, ತಿಕ್ಕಿದೆ. ಎಷ್ಟು ಸಂತೋಷದಿಂದ ತಿಕ್ಕಿದೆ ಗೊತ್ತಾ? ಏಳು ಕಲ್ಲು ಮಲ್ಲಿಗೆಯ ಹಾಗೆ ಬೆಳ್ಳಗಾದವು. ಮೂಲೆ ಸೋರುತ್ತದೆಯಾ ನೋಡಲು ಬಂದ ಗಾಜಿನವನು ಬಾಗಿಲಲ್ಲೇ ನಿಂತು, ‘ಏನಮ್ಮಾ, ಪಾತ್ರೆ ತೊಳೆದ ಹಾಗೆ ತೊಳೀತಿದ್ದೀಯ! ಆ ಕೊಳೇನೇ ಕಣಮ್ಮಾ ನೀರು ಕಾಯೋದು. ಕಾವಲುಗಾರರನ್ನೆಲ್ಲ ಮೋರಿಗೆ ಬಿಟ್ಟೆಯಲ್ಲ’ ಅಂದ. ಕಣ್ಣಿಗೆ ಕಾಣದ ಜೀವಗಳು ಆ ಲೋಳೆಯಲ್ಲಿದ್ದು, ಮೀನಿನ ಗಲೀಜನ್ನು ತಿಂದು ವಿಷವಾಗದಂತೆ ಮಾಡುತ್ತವೆ ಅಂತ ನೀನೇ ನನಗೆ ಎಷ್ಟು ಸಲ ಹೇಳಿದ್ದೆ. ಹೆಸರಿಲ್ಲದೆ, ಸಂಬಳವಿಲ್ಲದೆ, ಕತ್ತಲಲ್ಲಿ ದುಡಿಯುವ ಕೋಟಿ ಜನ. ಅವರ ಪರವಾಗಿ ಮಾತಾಡುತ್ತೇನೆ ಅನ್ನುವವಳೇ ಅವರನ್ನು ಬ್ರಷ್ಷಿನಿಂದ ಉಜ್ಜಿ ಹಾಕಿದೆ.

ಉಳಿದ ಏಳು ಕಲ್ಲನ್ನು ಹಾಗೇ ಇಟ್ಟೆ. ಸೋಮವಾರ ಅಮೋನಿಯ ಪರೀಕ್ಷೆಯ ಕೊಳವೆ ತಿಳಿ ಹಳದಿ ಇತ್ತು. ಮಂಗಳವಾರ ಹಸಿರಾಯಿತು, ಅಂದರೆ ವಿಷ ಏರುತ್ತಿದೆ. ದಿನಕ್ಕೆರಡು ಸಲ ನಾಲ್ಕು ನಾಲ್ಕು ಬಕೆಟ್ ನೀರು ಬದಲಿಸಿದೆ. ದೊಡ್ಡಮ್ಮ ಮುಷ್ಟಿ ಬಿಚ್ಚಲಿಲ್ಲ. ಗಂಡ ಹೆಂಡತಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರು. ಬುಧವಾರ ಬೆಳಿಗ್ಗೆ ಕಾಂಪೌಂಡರ್ ಕಲ್ಲಿನ ಬುಡದಲ್ಲಿ ಅಡ್ಡ ಬಿದ್ದಿದ್ದ. ಮೊದಲು ಪೊರೆ ಬಿಟ್ಟಿರಬೇಕು ಅಂತ ಆಸೆಪಟ್ಟೆ, ನೀನೇ ತೋರಿಸಿದ್ದೆಯಲ್ಲ, ಖಾಲಿ ಅಂಗಿಯ ಹಾಗೆ ಇರುತ್ತದೆ ಅಂತ. ಕೈಗೆತ್ತಿಕೊಂಡಾಗ ಖಾಲಿ ಇರಲಿಲ್ಲ, ತೂಕ ಇತ್ತು. ಅದು ನನ್ನಿಂದ ಆದದ್ದು. ಅಪ್ಪ ಪಾಪ, ತಮಾಷೆ ಮಾಡಲಿಲ್ಲ. ಪಕ್ಕದಲ್ಲಿ ಕೂತು ಬಕೆಟ್ ಹಿಡಿದರು, ಅಷ್ಟೆ.

ಗುರುವಾರ ಕೊಳವೆಯ ಹಸಿರು ತೆಳುವಾಯಿತು. ನಿನ್ನೆ ತೊಟ್ಟಿಯ ದೀಪ ಹತ್ತಿ ಸ್ವಲ್ಪ ಹೊತ್ತಿಗೆ, ನಾನು ಬೆಂಚಿನ ಮೇಲೆ ಕೂತು ಏನನ್ನೂ ಓದದೆ ಇದ್ದಾಗ, ದೊಡ್ಡಮ್ಮನ ಒಂದು ಬೆರಳು ಹೊರಬಂತು. ಆಮೇಲೆ ಇನ್ನೊಂದು. ಆಮೇಲೆ ಒಟ್ಟಿಗೆ ಹತ್ತಿಪ್ಪತ್ತು, ಯಾರೋ ಎಲ್ಲೋ ಕರೆದ ಹಾಗೆ ಒಂದೇ ಕಡೆಗೆ ತೂಗುತ್ತಾ. ಹೆಂಡತಿ ಮೀನು ಹೋಗಿ ಅವಳ ಮಡಿಲಲ್ಲಿ ಹೊರಳಿತು. ಇಡೀ ಕೋಣೆ ನೀಲಿ, ಗೋಡೆಯ ಘೋಷಣೆಗಳ ಮೇಲೆಲ್ಲ ನೀರಿನ ನೆರಳು ಓಡಾಡಿ ಒಂದು ಅಕ್ಷರವೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ನಾನು ಬರೆದ ಸಾಲುಗಳು ಅಷ್ಟು ಚೆಂದ ಕಂಡದ್ದು ಅದೇ ಮೊದಲು. ಓದುಮನೆಗೆ ಈ ವಾರ ಹನ್ನೊಂದು ಜನ ಬಂದರು. ಹೋದ ತಿಂಗಳೆಲ್ಲ ಸೇರಿ ನಾಲ್ಕು. ಬೇಕರಿಯವಳು ಹಿಟ್ಟಿನ ಕೈಯಲ್ಲೇ ಬಂದು ಅರ್ಧ ಗಂಟೆ ನಿಂತಳು. ಕರಪತ್ರ ಮುಟ್ಟಿದವರು ಯಾರೂ ಇಲ್ಲ ಅನ್ನುವುದು ಬೇರೆ ಮಾತು. ಅಪ್ಪನಂತೂ ತೊಟ್ಟಿಯನ್ನು ಬಾಲ್ಕನಿಯಿಂದ ರಾಟೆ ಹಾಕಿ ಮೂರನೇ ಮಹಡಿಗೆ ಎಳೆಯುವ ನಕ್ಷೆ ಬರೆಯುತ್ತಿದ್ದಾರೆ. ನಕ್ಷೆಯಲ್ಲಿ ಹಗ್ಗ ಹಿಡಿದ ಮನುಷ್ಯನಿಗೆ ನನ್ನ ಜಡೆ ಹಾಕಿದ್ದಾರೆ.

ಅತ್ತೆಗೆ ನನ್ನ ನಮಸ್ಕಾರ ಹೇಳು. ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಆ ಬಗ್ಗೆ ನನ್ನ ಜಗಳವಿಲ್ಲ. ಅಪ್ಪ, ಅಮ್ಮ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ತಪ್ಪು ಮಾಡಿದ ಈ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹರಸು, ಮೊಟಕಿದರೂ ಸರಿ.

ನಿನ್ನ ಮೊಮ್ಮಗಳು,
ಕರಪತ್ರ

ತಾ.ಕ.: ಅಂಚೆಯವಳು ಬಾಗಿಲಲ್ಲಿ ನಿಂತಿದ್ದಾಳೆ, ದೊಡ್ಡಮ್ಮನನ್ನು ನೋಡಿ ಮುಗಿಸುವುದರೊಳಗೆ ಬರೆಯಬೇಕು. ಅಜ್ಜೀ, ಆ ತೊಟ್ಟಿ ತಿರುವಿನಲ್ಲಿ ತಿರುಗುತ್ತಿತ್ತು. ಹಿಂದಿನ ದಿನವೇ ಅದೇ ಅಳತೆಯ ರಟ್ಟಿನ ಪೆಟ್ಟಿಗೆ ಮಾಡಿ ಮೂರನೇ ಮಹಡಿಯವರೆಗೆ ಹೊತ್ತು ನೋಡಿದ್ದೆ, ಎರಡು ಬೆರಳು ಮಿಗುತ್ತಿತ್ತು. ಸಾಲುತ್ತಿಲ್ಲ ಅಂದದ್ದು ಸುಳ್ಳು. ಗಾಜಿನವನಿಗೆ ಗೊತ್ತಾಗಿದೆ, ಅಪ್ಪನಿಗೆ ನಾಳೆ ನಾನೇ ಹೇಳುತ್ತೇನೆ, ನೀನು ಹೇಳಬೇಡ. ಸಮುದ್ರ ಮೇಲೆ ಹೋಗಿದ್ದರೆ ನೀನು ಅತ್ತೆಯ ಮನೆಯಲ್ಲೇ ಉಳಿಯುತ್ತಿದ್ದೆ. ಇವತ್ತು ಬೆಳಿಗ್ಗೆ ಬಳಗದಲ್ಲಿ ಮತಕ್ಕೆ ಹಾಕಿದೆ, ಐದಕ್ಕೆ ಐದು. ಓದುಮನೆ ಮೂರನೇ ಮಹಡಿಯ ನಿನ್ನ ಕೋಣೆಗೆ ಹೋಗುತ್ತದೆ, ನಮ್ಮ ಕಾಲು ಗಟ್ಟಿಯಾಗಿವೆ. ನಿನ್ನ ಮಂಚ ಆಗಲೇ ಇಳಿಸಿ ತೊಟ್ಟಿಯ ಎದುರಿಗೆ ಹಾಕಿದ್ದೇವೆ. ಬೀದಿಯಿಂದ ಇಲ್ಲಿಗೆ ಒಂದು ಮೆಟ್ಟಿಲೂ ಇಲ್ಲ, ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇನೆ. ಅತ್ತೆಗೆ ಇಲ್ಲೇ ಇದ್ದುಬಿಡ್ತೀನಿ ಅಂತ ಹೇಳಿಬಿಡಬೇಡ. ಯಾವತ್ತು ಬರುತ್ತೀಯ, ಅಷ್ಟು ಮಾತ್ರ ಬರೆ.