ಹೊಡೆದು ಹಾಕಿದ ಒಂಬತ್ತು

ಮಾರ್ಚ್ 3, ಸೋಮವಾರ

ಮತ್ತೆ ಗ್ರಂಥಾಲಯ. ಕನ್ನಡಕ ಮನೆಯಲ್ಲೇ ಮರೆತು ಭೂತಗನ್ನಡಿಯಲ್ಲಿ ಕೆಲಸ. ನಲವತ್ತು ವರ್ಷ ಈ ಊರಿನ ಅಂಚೆ ಕಚೇರಿಯಲ್ಲಿ ಕೆಟ್ಟ ಕೈಬರಹ ಓದಿದವಳು ನಾನು — 1911ರ ಜನಗಣತಿ ಯಾವ ಲೆಕ್ಕ? ಆಗಿನ ನೆರೆಮನೆಯ ಗಾಹನ್‌ಗೆ 1901ರಲ್ಲಿ ಐವತ್ತೆಂಟು, 1911ರಲ್ಲಿ ಎಪ್ಪತ್ತೊಂದು. ಹತ್ತು ವರ್ಷದಲ್ಲಿ ಹದಿಮೂರು ವರ್ಷ ಮುದುಕನಾದ. ನಡುವೆ ಎಪ್ಪತ್ತಾದವರಿಗೆ ವೃದ್ಧಾಪ್ಯ ಪಿಂಚಣಿ ಬಂದಿತ್ತಲ್ಲ... ಅರ್ಧ ಊರೇ ಹಾಗೆ.

ಆಮೇಲೆ ನಮ್ಮ ಮನೆಯ ಹಾಳೆ. ಅಪ್ಪನ ತಾಯಿ ಆನರ್ ಹೆನಿಗನ್, ವಿಧವೆ. ಹುಟ್ಟಿದ ಮಕ್ಕಳು: 9. ಬದುಕಿರುವವರು: 8. ಎರಡಕ್ಕೂ ಅಡ್ಡಗೀಟು. ಆ ಪ್ರಶ್ನೆ ಗಂಡನಿರುವ ಹೆಂಗಸರಿಗೆ ಮಾತ್ರವಂತೆ, ವಿಧವೆ ಬರೆದದ್ದು ತಪ್ಪಂತೆ. ಗಣತಿಗೆ ಬಂದ ಪೊಲೀಸ್ ಹೊಡೆದು ಹಾಕಿದ್ದಾನೆ.

ನಮ್ಮ ಮನೆತನದ ಸಮಾಧಿ ಕಲ್ಲಿನ ಮೇಲೆ ಆ ಮಕ್ಕಳ ಹೆಸರು ಎಂಟೇ. ಕೊನೆಯದು ಅಪ್ಪನದು.

ಗಾಹನ್‌ನ ಸುಳ್ಳು ಹಾಗೇ ನಿಂತಿದೆ. ಅಜ್ಜಿಯ ನಿಜಕ್ಕೆ ಗೀಟು. ಮೈ ಉರಿಯಿತು.

ಮಾರ್ಚ್ 6

ತಮ್ಮ ಮಲಾಕಿಗೆ ಹೇಳಿದೆ. ಹಳೆಯ ಮನೆ, ಹೊಲ, ಹಸು ಎಲ್ಲ ಈಗ ಅವನದು. ಟೀ ಸುರಿಯುತ್ತ ತಲೆ ಎತ್ತಲಿಲ್ಲ.

"ಅಜ್ಜಿ ಎಣಿಕೆ ತಪ್ಪಿರ್ಬೇಕು ಬಿಡಕ್ಕ."

"ಹೆತ್ತೋಳಿಗೆ ಎಣಿಕೆ ತಪ್ಪುತ್ತೇನೋ? ನಿನ್ನ ಹಸುಗಳಿಗೇ ತಪ್ಪಲ್ಲ."

"ಸತ್ತೋರನ್ನ ಕೆದಕೋದು ಬಿಟ್ರೆ ಬೇರೆ ಕೆಲ್ಸ ಇಲ್ವಾ ನಿಂಗೆ?"

ಇಲ್ಲ. ಇದೇ ಕೆಲಸ.

ತಿಂಗಳ ಕೊನೆಗೆ ಹೊಸ ಕೊಟ್ಟಿಗೆಗೆ ಪಾಯ ತೆಗೆಯುತ್ತಾನಂತೆ, ಮೇಲಿನ ಹೊಲದ ಮೂಲೆಯಲ್ಲಿ. ಮಣ್ಣು ಅಗೆಯುವ ಡಿಗ್ಗರ್ ಬಾಡಿಗೆಗೆ ತಂದು ತಾನೇ ಓಡಿಸುತ್ತಾನಂತೆ.

ಮಾರ್ಚ್ 12

ಚರ್ಚಿನ ಜ್ಞಾನಸ್ನಾನದ ಪುಸ್ತಕ. ಲ್ಯಾಟಿನ್, ಇಲಿ ಕಚ್ಚಿದ ಅಂಚು. ಎಂಟು ಮಕ್ಕಳೂ ಸಿಕ್ಕರು. ಒಂಬತ್ತನೆಯದಿಲ್ಲ. ಅದು ಸಿಕ್ಕಿದ್ದು ಸರ್ಕಾರಿ ಜನನ ದಾಖಲೆಯಲ್ಲಿ — 1891 ಫೆಬ್ರವರಿ, ಹೆಣ್ಣು. ಹೆಸರಿನ ಜಾಗ ಖಾಲಿ. ಮರಣವೂ ಅದೇ ದಿನ. ಮೂರು ಗಂಟೆ ಬದುಕಿದ್ದಳು.

ಎಲ್ಲಿ ಹೂತಿರಬಹುದು ಎಂದು ಫಾದರ್ ಕಾಯ್ನ್‌ರನ್ನು ಕೇಳಿದೆ.

"ಜ್ಞಾನಸ್ನಾನ ಆಗ್ದೆ ಹೋದ ಮಗೂನ ಚರ್ಚಿನ ಮಣ್ಣಿಗೆ ಬಿಡ್ತಿರ್ಲಿಲ್ಲ, ಡಿಂಪ್ನಾ. ಅಪ್ಪನೇ ಎತ್ಕೊಂಡು ಹೋಗಿ ಹೊಲದ ಅಂಚಲ್ಲಿ ಹೂಳ್ತಿದ್ದ. ಗುರುತಿಗೊಂದು ಬಿಳಿ ಕಲ್ಲು."

"ಯಾರು ಬಿಡ್ತಿರ್ಲಿಲ್ಲ, ಫಾದರ್?"

ಪುಸ್ತಕ ಮುಚ್ಚಿಟ್ಟರು. "ನಾವೇ," ಅಂದರು. ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ.

ಬಿಳಿ ಕಲ್ಲು... ಮೇಲಿನ ಹೊಲದ ಮೂಲೆ. ಅಪ್ಪ ಸಾಯುವತನಕ ಅಲ್ಲಿಗೆ ನೇಗಿಲು ತಾಗಿಸಲಿಲ್ಲ. ಕೇಳಿದರೆ, "ಅಲ್ಲಿ ಕಲ್ಲು ಜಾಸ್ತಿ" ಅನ್ನುತ್ತಿದ್ದ. ಅವನಿಗೆ ಗೊತ್ತಿತ್ತು.

ಮಾರ್ಚ್ 13

ಹೋಗಿ ನೋಡಿದೆ. ಮುಳ್ಳು ಸರಿಸಿ ಕೈಯೆಲ್ಲ ರಕ್ತ. ಬಿಳಿ ಕಲ್ಲು ಒಂದಲ್ಲ, ಆರು. ಸುತ್ತಲಿನ ಮನೆಗಳವರೂ ಇಲ್ಲಿಗೇ ತಂದಿದ್ದಾರೆ. ನಮ್ಮವಳು ಯಾವ ಕಲ್ಲಿನಡಿ ಇದ್ದಾಳೋ ಗೊತ್ತಿಲ್ಲ. ಅಲ್ಲೇ ಕೂತು ಅತ್ತೆ. ಆರಕ್ಕೂ ಸೇರಿಸಿ ಅತ್ತೆ.

ಮಾರ್ಚ್ 27

ಮಲಾಕಿ ಜತೆ ಜಗಳ. ಎರಡು ವಾರದಲ್ಲಿ ಮೂರನೆಯದು.

"ಕಾಗದ ತೋರ್ಸು. ಅಲ್ಲೇ ಹೂತಿದಾರೆ ಅಂತ ಎಲ್ಲಿ ಬರ್ದಿದೆ?"

"ಯಾರೂ ಬರೀಬಾರ್ದು ಅಂತಾನೇ ಅಲ್ಲಿ ಹೂತಿದ್ದು ಕಣೋ."

"ಈ ಇಳಿಜಾರಲ್ಲಿ ಸಮ ಇರೋ ಜಾಗ ಅದೊಂದೇ. ನಾಳೆ ಬೆಳಿಗ್ಗೆ ಡಿಗ್ಗರ್ ತರ್ತೀನಿ. ಬೇಕಾದ್ರೆ ಕುರ್ಚಿ ಹಾಕ್ಕೊಂಡು ಕೂತ್ಕೋ ಹೋಗು."

ಸರಿ.

ಮಾರ್ಚ್ 28, ಬೆಳಿಗ್ಗೆ 8.40

ಕುರ್ಚಿ ಹಾಕಿದ್ದೇನೆ. ಅಜ್ಜಿಯದೇ ಕುರ್ಚಿ, ಆರು ಕಲ್ಲುಗಳ ಮುಂದೆ. ಫ್ಲಾಸ್ಕಿನಲ್ಲಿ ಟೀ, ಎರಡು ತುಂಡು ಸೋಡಾ ಬ್ರೆಡ್, ಈ ದಿನಚರಿ ಪುಸ್ತಕ. ಗಾಳಿ ಚುಚ್ಚುತ್ತಿದೆ. ಹೆದರಿಕೆಯೂ ಇದೆ, ಸುಳ್ಳೇಕೆ. ಅರವತ್ತೆಂಟರ ಮಂಡಿ, ಎದುರಿಗೆ ಡಿಗ್ಗರ್.

ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಆದರೂ ಒಂಬತ್ತು ಅಂತ ಬರೆದಳು. ಇಪ್ಪತ್ತು ವರ್ಷ ಯಾರಾದರೂ ಕೇಳಲಿ ಅಂತ ಕಾದಿದ್ದಳೋ ಏನೋ.

8.55

ಬಂದ. ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದ್ದಾನೆ, ಎಂಜಿನ್ ಆರಿಸಿಲ್ಲ. ಇಳಿದ. "ಏಳಕ್ಕ, ಜನ ನೋಡ್ತಾರೆ," ಅನ್ನುತ್ತಿದ್ದಾನೆ. ನೋಡಲಿ. ಏಳುವುದಿಲ್ಲ. ತಲೆ ಎತ್ತದೆ ಬರೆಯುತ್ತಿದ್ದೇನೆ. ಪುಸ್ತಕಕ್ಕೆ ಕೈ ಹಾಕುತ್ತಿದ್ದಾನೆ. ಹೊಡೆದು ಹಾಕು ತಮ್ಮಾ, ಮತ್ತೆ ಬರೆಯುತ್ತೇನೆ. ಹುಟ್ಟಿದ ಮಕ್ಕಳು: ಒಂಬ