ಬೋರಲಿಟ್ಟ ತಟ್ಟೆ

ಕ್ಲೀವ್‌ಲ್ಯಾಂಡ್
೮ ನವೆಂಬರ್ ೧೯೯೮, ಭಾನುವಾರ

ನನ್ನ ಮುದ್ದಿನ ಲೀಥಾ,

ನಿನಗೂ ಬ್ರಿಯಾಗೂ ನಿಮ್ಮ ಅರ್ಡೀಲಿಯಾಳ ತುಂಬು ಪ್ರೀತಿ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಅಕ್ಕನಿಗೆ ಸೊಕ್ಕು ಬಂದಿದೆ, ಉತ್ತರ ಬರೆಯುವಷ್ಟು ಪುರುಸೊತ್ತೂ ಇಲ್ಲ ಎಂದು ನೀನು ಚರ್ಚಿನಲ್ಲಿ ನಾಲ್ಕು ಜನರ ಮುಂದೆ ಆಡಿಕೊಂಡಿರುತ್ತೀಯ. ಆಡಿಕೋ. ನಿಜ ಹೇಳಬೇಕೆಂದರೆ ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಬಾಯಿಯಿಂದ ಒಂದು ಮಾತು ಪೂರ್ತಿ ಹೊರಬರಲು ಎಲ್ಲಿ ಬಿಡುತ್ತೀಯ? ಕಾಗದವಾದರೆ ನೀನು ಬೈದರೂ ಅದು ಎದುರು ಮಾತಾಡುವುದಿಲ್ಲ, ನಾನೂ ಹೇಳಬೇಕಾದ್ದನ್ನು ಹೇಳಿ ಮುಗಿಸಬಹುದು.

ಇಲ್ಲಿ ಆಗಲೇ ಹಿಮ ಬಿದ್ದಿದೆ. ಮಂಡಿ ನೋವು ಹಾಗೇ ಇದೆ. ಡಾಕ್ಟರು ಸಕ್ಕರೆ ಮುಟ್ಟಬೇಡಿ ಎಂದಿದ್ದಾರೆ. ಆತನೂ ನಮ್ಮ ಅಲಬಾಮಾ ಕಡೆಯವನೇ. "ಗೆಣಸಿನ ಪೈ ಬಿಡು ಅಂತ ಹೇಳೋಕೆ ನಿಂಗೆ ನಾಚ್ಕೆ ಆಗಲ್ವೇನೋ?" ಎಂದು ಕೇಳಿದೆ. "ಆಗತ್ತೆ ಅಮ್ಮಾ, ಆದ್ರೂ ಹೇಳ್ಬೇಕಲ್ಲ" ಎಂದ. ಒಳ್ಳೆಯ ಹುಡುಗ.

ಈಗ ವಿಷಯಕ್ಕೆ ಬರುತ್ತೇನೆ. ಈ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬ್ರಿಯಾಳನ್ನು ದೊಡ್ಡ ಮೇಜಿಗೆ ಕರೆದು ಅವಳಮ್ಮ ಯೊಲಾಂಡಾಳ ಕುರ್ಚಿಯಲ್ಲಿ ಕೂರಿಸುತ್ತೇನೆ ಎಂದು ಬರೆದಿದ್ದೀಯ. "ನನಗೆ ಮಗಳಿದ್ದಳು ಎಂಬುದನ್ನೇ ಮರೆತಿದ್ದೇನೆ" ಎಂದೂ ಬರೆದಿದ್ದೀಯ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ ಲೀಥಾ. ಕುಡಿದು ಕಾರು ಓಡಿಸಿ, ಎಂಟು ವರ್ಷದ ಸ್ವಂತ ಮಗುವಿನ ಕೈ ಮುರಿದವಳ ಮೇಲೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನನಗೂ ಬಂದಿತ್ತು. ಆದರೆ ಈಗ ಅವಳು ತಾನಾಗಿಯೇ ಹೋಗಿ ಮಾಂಟ್‌ಗೊಮರಿಯಲ್ಲಿ ಕುಡಿತ ಬಿಡಿಸುವ ಮನೆ ಸೇರಿದ್ದಾಳೆ. ಹಬ್ಬದ ದಿನ ಒಂದು ಹೊತ್ತಿಗೆ ಮನೆಗೆ ಬಿಡುತ್ತಾರಂತೆ, ಬರಲೇ ಎಂದು ನಿನ್ನನ್ನು ಕೇಳಿದ್ದಾಳೆ. ನೀನು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಅವಳ ಕುರ್ಚಿಗೆ ಮಗುವನ್ನು ಹತ್ತಿಸಲು ಹೊರಟಿದ್ದೀಯ. ನಮ್ಮ ಮನೆಯಲ್ಲಿ ಅದರ ಅರ್ಥ ಏನೆಂದು ನನಗಿಂತ ಚೆನ್ನಾಗಿ ನಿನಗೆ ಗೊತ್ತು. ಬೇಡ ಎಂದು ಹೇಳುವುದಕ್ಕೇ ಈ ಕಾಗದ.

ಐವತ್ತಾರರ ಹಬ್ಬದಲ್ಲಿ ನೀನು ನಾಲ್ಕು ವರ್ಷದವಳು, ನಿನಗೆ ನೆನಪಿರುವುದು ಕೋಳಿ ಕಾಲು ಮಾತ್ರ. ನನಗೆ ಹತ್ತು. ನನಗೆ ಎಲ್ಲವೂ ನೆನಪಿದೆ. ಹಬ್ಬದ ಮುನ್ನಾದಿನ, ಬುಧವಾರ ಬೆಳಗಿನಿಂದಲೇ ಹೆಸ್ಟರ್ ಅಜ್ಜಿ ಏಪ್ರನ್ ಕಟ್ಟಿ ನಿಂತಳೆಂದರೆ ಗಂಡಸರು ಅಡುಗೆಮನೆಯ ಕಡೆ ತಲೆ ಹಾಕುವಂತಿರಲಿಲ್ಲ. ಮೂರು ಬಾಣಲೆ ಮೆಕ್ಕೆಜೋಳದ ರೊಟ್ಟಿ ಸುಟ್ಟು, ಆರಿಸಿ, ಕೈಯಿಂದಲೇ ಪುಡಿ ಮಾಡಿ, ಕೋಳಿ ಸಾರು, ಈರುಳ್ಳಿ, ಸೇಜ್ ಸೊಪ್ಪು ಹಾಕಿ ಅವಳು ಡ್ರೆಸ್ಸಿಂಗ್ ಕಲಸುತ್ತಿದ್ದಳು. ಉಪ್ಪು ನೋಡಲು ಜಿಯೋಲಾ ಅತ್ತೆಗೆ ಮಾತ್ರ ಅಪ್ಪಣೆ. ಒಮ್ಮೆ ಯಾವುದೋ ಹೊಸ ಸೊಸೆ ಅದಕ್ಕೆ ಒಣದ್ರಾಕ್ಷಿ ಹಾಕಿದರೆ ಹೇಗೆ ಎಂದು ಕೇಳಿದ್ದಳಂತೆ. ಆಮೇಲೆ ಆ ಮದುವೆಯೇ ಉಳಿಯಲಿಲ್ಲ ಎಂದು ಅತ್ತೆ ಕಣ್ಣು ಮಿಟುಕಿಸಿ ಹೇಳುತ್ತಿದ್ದಳು. ಹಂದಿ ಮೂಳೆ ಹಾಕಿ ಬೇಯಿಸಿದ ಕಾಲರ್ಡ್ ಸೊಪ್ಪಿನ ವಾಸನೆ ರಸ್ತೆಯ ತಿರುವಿನವರೆಗೂ ಬರುತ್ತಿತ್ತು.

ಊಟದ ಕೋಣೆಯ ಮೇಜು ತಾತ ತನ್ನ ಕೈಯಾರೆ ಮಾಡಿದ್ದು. ಹನ್ನೆರಡು ಕುರ್ಚಿ, ಹದಿಮೂರನೆಯದಕ್ಕೆ ಜಾಗವೂ ಇಲ್ಲ, ಅಜ್ಜಿಯ ಅಪ್ಪಣೆಯೂ ಇಲ್ಲ. ಉಳಿದವರಿಗೆಲ್ಲ ಹಿತ್ತಿಲ ಜಗಲಿಯಲ್ಲಿ ಎರಡು ಪೀಪಾಯಿಗಳ ಮೇಲೆ ಹಳೆಯ ಬಾಗಿಲು ಹಾಸಿ ಮಾಡಿದ ಮಕ್ಕಳ ಮೇಜು. ದೊಡ್ಡ ಮೇಜಿನಲ್ಲಿ ಯಾರಾದರೂ ಸತ್ತರೆ ಮಾತ್ರ ಜಗಲಿಯಿಂದ ಒಬ್ಬರಿಗೆ ಬಡ್ತಿ. ನಮ್ಮ ದೊಡ್ಡಪ್ಪನ ಮಗ ಕ್ಲೀವನ್ ಅಣ್ಣನಿಗೆ ಇಪ್ಪತ್ತಾರು ವರ್ಷವಾಗಿ, ಮೀಸೆ ಬಂದು, ಮದುವೆಯಾಗಿದ್ದರೂ ಮಂಡಿ ಗದ್ದಕ್ಕೆ ತಾಗುವಂತೆ ನಮ್ಮ ಜೊತೆಗೇ ಕೂರುತ್ತಿದ್ದ. ಒಳಗೆ ಯಾರಾದರೂ ಕೆಮ್ಮಿದರೆ ಸಾಕು, ಕತ್ತು ಚಾಚುತ್ತಿದ್ದ. "ಏನಣ್ಣಾ, ರೂಫಸ್ ಚಿಕ್ಕಪ್ಪ ಹೊರಟ್ರಾ?" ಎಂದು ನಾವು ಕೇಳಿದರೆ, "ಇಲ್ಲ ಕಣ್ರೇ, ಬರೀ ನೆಗಡಿ. ನನ್ನ ಹಣೇಬರಹ!" ಎನ್ನುತ್ತಿದ್ದ. ನಗು ತಡೆಯಲಾಗುತ್ತಿರಲಿಲ್ಲ.

ಇನ್ನೊಂದು ನಿಯಮವಿತ್ತು, ಅದನ್ನು ನೀನೂ ಇವತ್ತಿನವರೆಗೆ ಪಾಲಿಸಿಕೊಂಡು ಬಂದಿದ್ದೀಯ. ಬದುಕಿರುವವರು ಎಲ್ಲಿಗೇ ಹೋಗಿರಲಿ, ಅವರ ಕುರ್ಚಿಯಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಅವರ ಮುಂದೆ ತಟ್ಟೆ ಬೋರಲು ಹಾಕಬೇಕು. ಹೊಸಿಯಾ ಚಿಕ್ಕಪ್ಪ ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕು, ಸತ್ತನೋ ಇದ್ದಾನೋ ಎಂದು ಸರ್ಕಾರಕ್ಕೇ ತಿಳಿಯದೆ ಇದ್ದಾಗಲೂ ಅಜ್ಜಿ ಅವನ ತಟ್ಟೆ ಬೋರಲಿಟ್ಟಳು. ಪಾದ್ರಿಗಳು ಬಂದು, "ಹೆಸ್ಟರಮ್ಮಾ, ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಕ್ಲೀವನ್‌ನಾದ್ರೂ ಅಲ್ಲಿ ಕೂರ್ಸಿ" ಎಂದಾಗ, "ನನ್ನ ಮಗನ್ನ ನಾನೇ ಹೂಳೋದಾ? ಸುಮ್ನೆ ಊಟ ಮಾಡಿ ಸ್ವಾಮಿ" ಎಂದು ಬಾಯಿ ಮುಚ್ಚಿಸಿದಳು. ಚಿಕ್ಕಪ್ಪ ಬಂದ. ಬಂದವನೇ ಆ ತಟ್ಟೆಯನ್ನು ತಾನೇ ಮಗುಚಿ ಮೂರು ಸಲ ಬಡಿಸಿಕೊಂಡ. ಅಂಥ ಅಜ್ಜಿ ಅವಳು. ಅಂಥವಳೇ ಮುಂದೆ ಏನು ಮಾಡಿದಳೆಂದು ಕೇಳು.

ಐವತ್ತಾರರ ಬೇಸಿಗೆಯಲ್ಲಿ ನಮ್ಮ ತಮ್ಮ ಹುಟ್ಟಿ ಹನ್ನೊಂದು ದಿನಕ್ಕೆ ಹೋದ. ಅಮ್ಮ ಕುಡಿಯಲು ಶುರುಮಾಡಿದ್ದು ಆಮೇಲೆ. ನಿನ್ನ ಎಡಗೈ ಮೇಲಿನ ಸುಟ್ಟ ಕಲೆ ಆಗಸ್ಟಿನದು. ಅಮ್ಮ ಒಲೆಯ ಮುಂದೆ ಕೂತಲ್ಲೇ ಮೈಮರೆತಿದ್ದಳು, ನೀನು ಕುದಿಯುವ ಪಾತ್ರೆಗೆ ಕೈಹಾಕಿದೆ. ಮಾರನೆಯ ದಿನ ಅಜ್ಜಿ ಅವಳ ಬಟ್ಟೆ ಗಂಟು ಕಟ್ಟಿ ಮೊಬೀಲ್ ಬಸ್ಸು ಹತ್ತಿಸಿದಳು. ಅಪ್ಪ ಬಸ್ಸಿನವರೆಗೆ ಗಂಟು ಹೊತ್ತ. ಅಲ್ಲಿ ಜ್ವರ ಬಂದು ತೀರಿಕೊಂಡಳು ಎಂದು ಅಜ್ಜಿ ಹೇಳಿದ್ದು ನಿನಗೆ ಗೊತ್ತೇ ಇದೆ.

ಆ ವರ್ಷದ ಹಬ್ಬದ ಬೆಳಗ್ಗೆ ಅಜ್ಜಿ ನನ್ನ ಜಡೆ ಬಿಗಿದು, "ಇವತ್ತು ನೀನು ಒಳಗೆ ಕೂತ್ಕೊ. ನಿಮ್ಮಮ್ಮನ ಜಾಗ್ದಲ್ಲಿ" ಎಂದಳು. ಕ್ಲೀವನ್ ಅಣ್ಣನನ್ನು ದಾಟಿ ನನಗೆ ಕುರ್ಚಿ! ಅವನು ತಮಾಷೆ ಮಾಡಲಿಲ್ಲ. ನನ್ನ ತಲೆ ಸವರಿ ಆಚೆ ಹೋದ. ಒಳಗೆ ಕೂತರೆ ಕಾಲು ನೆಲಕ್ಕೆ ಎಟುಕಲಿಲ್ಲ. ಎಲ್ಲರೂ ಸೊಪ್ಪು ಆ ಕಡೆ ಕೊಡು, ಸಾರು ಈ ಕಡೆ ಕೊಡು ಎನ್ನುತ್ತಿದ್ದರೇ ಹೊರತು ಒಬ್ಬರೂ ನನ್ನ ಮುಖ ನೋಡಲಿಲ್ಲ. ಪಕ್ಕದಲ್ಲಿದ್ದ ಅಪ್ಪ ತನ್ನ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅಜ್ಜಿ ನನಗೆ ಡ್ರೆಸ್ಸಿಂಗಿನ ಮೂಲೆಯ ತುಂಡು, ಎಲ್ಲರೂ ಕಿತ್ತಾಡುವ ಗರಿಗರಿ ತುಂಡು, ತಾನೇ ಬಡಿಸಿದಳು. ಅದನ್ನು ತಟ್ಟೆಯಲ್ಲೇ ಅತ್ತಿತ್ತ ಸರಿಸುತ್ತಾ ಕೂತೆ. ಅಳಬೇಕೆನಿಸಿತು, ಅಳಲು ಹೆದರಿಕೆ. ತಾಯಿಯ ಜಾಗದಲ್ಲಿ ಕೂತ ಮಗುವಿಗೆ ಊಟ ವಿಷವಾಗುತ್ತದೆ ಲೀಥಾ. ನಾನು ಇವತ್ತಿಗೂ ಡ್ರೆಸ್ಸಿಂಗ್ ತಿನ್ನುವುದಿಲ್ಲ. ಇಲ್ಲಿಯವರು ನನ್ನನ್ನು ದಕ್ಷಿಣದವಳೇ ಅಲ್ಲ ಎಂದು ರೇಗಿಸುತ್ತಾರೆ.

ಹದಿನೆಂಟಕ್ಕೆ ಊರು ಬಿಟ್ಟೆ. ಅಂದಿನಿಂದ ಪ್ರತಿ ವರ್ಷ ಆ ಕುರ್ಚಿಯ ಮುಂದೆ ನನ್ನ ತಟ್ಟೆ ಬೋರಲಾಗಿದೆ. ಬೇಸಿಗೆಯಲ್ಲಿ ಬಂದಿದ್ದೇನೆ, ಹೆಣ ಎತ್ತಲು ಬಂದಿದ್ದೇನೆ, ಈ ಹಬ್ಬಕ್ಕೆ ಮಾತ್ರ ಬಂದಿಲ್ಲ. ಯಾಕೆ ಬರಲ್ಲ, ನಾವೇನು ಮಾಡಿದೀವಿ ಎಂದು ನೀನು ಜಗಳವಾಡಿದಾಗಲೆಲ್ಲ ಹಿಮ, ಕೆಲಸ, ಮಂಡಿ ಎಂದು ಏನೋ ಒಂದು ಹೇಳಿ ಜಾರಿಕೊಂಡೆ.

ಬ್ರಿಯಾ ಬುದ್ಧಿವಂತೆ. ಹೋದ ಭಾನುವಾರ ಫೋನಿನಲ್ಲಿ ಪಿಸುಗುಟ್ಟಿದಳು: "ದೊಡ್ಡಜ್ಜೀ, ನಾನು ಮಮ್ಮಿ ಕುರ್ಚೀಲಿ ಕೂತ್ರೆ ಮಮ್ಮಿ ಎಲ್ಲಿ ಕೂರ್ತಾಳೆ?" ನಿಮ್ಮಜ್ಜಿಯನ್ನೇ ಕೇಳುತ್ತೇನೆ ಎಂದೆ. ನೀನು ಏನು ಹೇಳುತ್ತೀಯ ಹೇಳು. ಯೊಲಾಂಡಾಳನ್ನು ಕ್ಷಮಿಸು ಎಂದು ನಾನು ಹೇಳುತ್ತಿಲ್ಲ. ಬೇಕಾದರೆ ಬೈ, ಎದುರಿಗೆ ಕೂರಿಸಿಕೊಂಡು ಇಡೀ ಊಟದ ಹೊತ್ತು ಬೈ, ನಾನೂ ಜೊತೆಗೆ ದನಿಗೂಡಿಸುತ್ತೇನೆ. ತಟ್ಟೆ ಮಾತ್ರ ಬೋರಲಿಡು. ಇಡುತ್ತೀಯ ಎಂದು ಒಂದು ಸಾಲು ಬರೆ, ನಾನು ಬಸ್ಸು ಹತ್ತುತ್ತೇನೆ. ದೇವರಾಣೆ, ಈ ಹಬ್ಬಕ್ಕೆ ಬರುತ್ತೇನೆ. ಡ್ರೆಸ್ಸಿಂಗೂ ತಿನ್ನುತ್ತೇನೆ.

ಕ್ಲೀವನ್ ಅಣ್ಣನಿಗೆ ನನ್ನ ನಮಸ್ಕಾರ ಹೇಳು. ಬ್ರಿಯಾಳ ಕೈಗೆ ಮುತ್ತು. ನಿನ್ನನ್ನೂ ನಿನ್ನ ಮನೆಯನ್ನೂ ದೇವರು ಚೆನ್ನಾಗಿ ಕಾಪಾಡಲಿ. ಕೋಪದಲ್ಲಿ ನೀನು ಆಡಿದ ಮಾತುಗಳನ್ನು ಆತ ಲೆಕ್ಕಕ್ಕೆ ಹಿಡಿಯದಿರಲಿ.

ಇಂತಿ ನಿನ್ನ ಅಕ್ಕ,
ಅರ್ಡೀಲಿಯಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನೀನು ಏನು ಹೇಳುತ್ತೀಯ ಎಂದು ನನಗೆ ಗೊತ್ತು. "ನಮ್ಮಮ್ಮ ಸತ್ತಿದ್ದಳು, ಅದಕ್ಕೇ ಅಜ್ಜಿ ನಿನ್ನನ್ನು ಅಲ್ಲಿ ಕೂರಿಸಿದಳು. ಅದೇ ಬೇರೆ, ಇದೇ ಬೇರೆ" ಎನ್ನುತ್ತೀಯ.

ಅಮ್ಮ ಸತ್ತಿರಲಿಲ್ಲ, ಲೀಥಾ. ಆ ದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮುಂಬಾಗಿಲಿನಿಂದ ಒಳಗೆ ಬಂದಳು. ಇಸ್ತ್ರಿ ಮಾಡಿದ ನೀಲಿ ಬಟ್ಟೆ, ತಲೆಯ ಮೇಲೆ ಟೋಪಿ, ಕೈಯಲ್ಲಿ ಬಟ್ಟೆ ಮುಚ್ಚಿದ ಗೆಣಸಿನ ಪೈ. ಕುಡಿದಿರಲಿಲ್ಲ. ಅವಳ ಕಣ್ಣು ತಿಳಿಯಾಗಿದ್ದದ್ದನ್ನು ನಾನು ಬೇಸಿಗೆಯ ನಂತರ ಅವತ್ತೇ ನೋಡಿದ್ದು. ನಗುತ್ತಾ ಬಂದವಳು ನನ್ನನ್ನು ಕಂಡಳು, ಕುರ್ಚಿಯನ್ನು ಕಂಡಳು. ನಾನು ಏಳಲು ಹೋದೆ. ಅಜ್ಜಿ ನನ್ನ ಭುಜವನ್ನು ಒತ್ತಿ ಹಿಡಿದಳು.

"ಇಲ್ಲಿ ಜಾಗ ಇಲ್ಲ ಕೊರೀನ್" ಎಂದಳು.

"ಅಮ್ಮಾ, ಪಾಪ ಕಣಮ್ಮಾ" ಎಂದು ಜಿಯೋಲಾ ಅತ್ತೆ ಅತ್ತಳು. ಅಪ್ಪ ತಟ್ಟೆ ನೋಡುತ್ತಲೇ ಇದ್ದ.

ಅಮ್ಮ ಪೈಯನ್ನು ಮೇಜಿನ ತುದಿಯಲ್ಲಿಟ್ಟು, "ಚಿಕ್ಕವಳೆಲ್ಲಿ? ಕೈ ವಾಸಿ ಆಯ್ತಾ? ಒಂದ್ಸಲ ನೋಡ್ಕೊಂಡು ಹೋಗ್ತೀನಿ" ಎಂದಳು.

"ಮಲಗಿದಾಳೆ" ಎಂದಳು ಅಜ್ಜಿ.

ನೀನು ಮಲಗಿರಲಿಲ್ಲ. ಜಗಲಿಯಲ್ಲಿ ಕ್ಲೀವನ್ ಅಣ್ಣ ಏನೋ ಕೋತಿಯಾಟ ಆಡುತ್ತಿದ್ದ, ನೀನು ಗಟ್ಟಿಯಾಗಿ ನಗುತ್ತಿದ್ದೆ. ನಮಗೆಲ್ಲ ಕೇಳಿಸುತ್ತಿತ್ತು. ಅಮ್ಮನಿಗೂ ಕೇಳಿಸಿತು. ಅವಳು ಒಂದಿಷ್ಟು ಹೊತ್ತು ಅಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು ಕಾಲರು ಸರಿಮಾಡಿ, "ಕೂತ್ಕೊ ಮಗಳೇ. ತಣ್ಣಗಾಗತ್ತೆ, ತಿನ್ನು" ಎಂದು ಹೇಳಿ ಬಂದ ದಾರಿಯಲ್ಲೇ ಹೋದಳು. ಆ ಪೈಯನ್ನು ಅಜ್ಜಿ ನಾಯಿಗೆ ಹಾಕಿದಳು.

ಕ್ರಿಸ್‌ಮಸ್ ಹೊತ್ತಿಗೆ ಅಜ್ಜಿ, "ನಿಮ್ಮಮ್ಮ ಈಗ ನಿಜವಾಗ್ಲೂ ಹೋದ್ಲಂತೆ, ಸುದ್ದಿ ಬಂತು" ಎಂದಳು. ನಾನು ನಂಬಿದೆ. ಅಜ್ಜಿಯನ್ನು ನಂಬದೆ ಇನ್ನು ಯಾರನ್ನು ನಂಬಲಿ?

ಈ ಏಪ್ರಿಲ್‌ನಲ್ಲಿ ಗೆಳತಿಯೊಬ್ಬಳ ಮಣ್ಣಿಗೆಂದು ಮೊಬೀಲ್‌ಗೆ ಹೋಗಿದ್ದೆನಲ್ಲ, ಆ ಚರ್ಚಿನ ಸ್ಮಶಾನದಲ್ಲಿ ಅಮ್ಮನ ಕಲ್ಲು ಕಂಡೆ. ಚರ್ಚಿನ ಅಡುಗೆಮನೆಯಲ್ಲಿದ್ದ ಮುದುಕಿಯೊಬ್ಬಳು ಅವಳನ್ನು ಬಲ್ಲವಳು. "ಕೊರೀನಾ? ಒಂದ್ ಹನಿ ಮುಟ್ದೋಳಲ್ಲಮ್ಮ ಅವ್ಳು. ಪ್ರತಿ ವರ್ಷ ಹಬ್ಬಕ್ಕೆ ಇಡೀ ಚರ್ಚಿಗೆ ಅಡುಗೆ ಮಾಡೋಳು, ತಾನು ಮಾತ್ರ ನಿಂತ್ಕೊಂಡೇ ಉಣ್ಣೋಳು. ಕೂತ್ಕೊಳ್ಳೇ ಅಂದ್ರೆ, ನನ್ನ ಜಾಗ್ದಲ್ಲಿ ನನ್ನ ಮಗಳು ಕೂತಿದಾಳೆ ಅಂತಿದ್ಲು" ಎಂದಳು.

ಕಲ್ಲಿನ ಮೇಲೆ ಡಿಸೆಂಬರ್ ೧೯೭೨ ಎಂದಿದೆ. ಆಗ ಯೊಲಾಂಡಾಗೆ ಎಂಟು ತಿಂಗಳು. ನೀನು ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, ಅಮ್ಮ ಇದ್ದಿದ್ದರೆ ಹೇಗೆ ಎಣ್ಣೆ ಹಚ್ಚುತ್ತಿದ್ದಳು, ಹೇಗೆ ಜೋಗುಳ ಹಾಡುತ್ತಿದ್ದಳು ಎಂದು ಅತ್ತು ನನಗೆ ಕಾಗದ ಬರೆದಿದ್ದೆ. ಅಮ್ಮ ಇದ್ದಳು, ಲೀಥಾ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ.