ಎಲ್ಲರೂ ಮೆಟ್ಟಿಲು ಹಿಡಿದ ರೆಸಾರ್ಟ್

ಸೋದರಮಾವನಿಗೆ, ಆರು ಮಹಡಿ ಹತ್ತಿಳಿದ ಏದುಸಿರಿನಲ್ಲೇ ನಮಸ್ಕಾರ.

ಲಿಫ್ಟ್ ಮೆಕ್ಯಾನಿಕ್‌ಗಳ ಸಮ್ಮೇಳನವೆಂದು ಕಂಪನಿಯವರು ನನ್ನನ್ನು ಕಡಲ ದಂಡೆಯ ಈ ಐಷಾರಾಮಿ ರೆಸಾರ್ಟಿಗೆ ಕಳಿಸಿದ್ದಾರೆ. ಬಚ್ಚಲುಮನೆಯೇ ನಮ್ಮ ವರ್ಕ್‌ಶಾಪಿನಷ್ಟು ದೊಡ್ಡದಿದೆ. ಆದರೂ ಕೂತಲ್ಲಿ ಕೂರಲಾಗುತ್ತಿಲ್ಲ. ಇಲ್ಲಿನ ಲಿಫ್ಟ್ ನಾಲ್ಕನೇ ಮಹಡಿ ದಾಟುವಾಗ ಕಟಕಟ ಅನ್ನುತ್ತದೆ. ಲಿಫ್ಟನ್ನು ಎಳೆಯುವ ರೋಪ್ ಸವೆದಾಗ ಬರುವ ಸದ್ದು ಅಂತ ನೀವು ಕಿವಿ ಹಿಂಡಿ ಕಲಿಸಿದ್ದಿರಲ್ಲ, ಅದೇ.

ಬಂದಿರುವ ಇನ್ನೂರು ಮೆಕ್ಯಾನಿಕ್‌ಗಳಿಗೂ ಅದು ಮೊದಲ ದಿನವೇ ಕೇಳಿಸಿದೆ. ಒಬ್ಬರೂ ತುಟಿ ಪಿಟಿಕ್ಕೆನ್ನಲಿಲ್ಲ. ಎಲ್ಲರೂ ಮೆಟ್ಟಿಲು ಹಿಡಿದರು, ನಾನೂ ಹಿಡಿದೆ. “ನಿಮ್ಮವ್ರಿಗೆ ಆರೋಗ್ಯದ ಮೇಲೆ ಎಷ್ಟು ಕಾಳಜಿ ಸಾರ್!” ಎಂದು ರೆಸಾರ್ಟಿನ ಮ್ಯಾನೇಜರ್ ಹೊಗಳುತ್ತಾನೆ. ಪಕ್ಕದ ರೂಮಿನ ಹಿರಿಯ ಮೆಕ್ಯಾನಿಕ್, “ಬೇರೆ ಕಂಪ್ನಿ ಲಿಫ್ಟು ಕಣಯ್ಯಾ, ನಮಗ್ಯಾಕೆ ಉಸಾಬರಿ? ಚೆನ್ನಾಗಿ ಉಂಡು ಹೋಗೋಣ” ಅಂದ.

ಮಂಡಿ ಊದಿ ಕುಂಬಳಕಾಯಿಯಾಗಿದೆ. ಅತ್ತೆ ಕೊಟ್ಟ ಎಣ್ಣೆಯೂ ಮುಗಿಯಿತು.

ಇವತ್ತು ಬೆಳಿಗ್ಗೆ ಒಬ್ಬ ಅಜ್ಜಿ ಮೊಮ್ಮಗುವನ್ನು ಎತ್ತಿಕೊಂಡು ಲಿಫ್ಟಿಗೆ ಕಾಲಿಡುತ್ತಿದ್ದರು. ಅವರನ್ನು ಕೈ ಹಿಡಿದು ಈಚೆಗೆ ಕರೆತಂದೆ. ಅತ್ತೆಗೆ ಕಳಿಸಲೆಂದು ಇಟ್ಟುಕೊಂಡಿದ್ದ ಚಿತ್ರದ ಕಾರ್ಡಿನ ಹಿಂಬದಿಯಲ್ಲಿ “ಲಿಫ್ಟ್ ಕೆಟ್ಟಿದೆ, ಹತ್ತಬೇಡಿ” ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿಬಿಟ್ಟೆ. ಅತ್ತೆ ಬೇಜಾರು ಮಾಡಿಕೊಳ್ಳದಿರಲಿ.

ಈಗ ನಾನು ಇದನ್ನು ಬರೆಯುತ್ತ ಕೂತಿರುವ ಸುರಕ್ಷತೆಯ ಭಾಷಣದ ನಡುವೆ ಮ್ಯಾನೇಜರ್ ಸಭಾಂಗಣಕ್ಕೆ ನುಗ್ಗಿ, “ಯಾರ್ರೀ ಅದನ್ನ ಅಂಟಿಸಿದ್ದು?” ಎಂದು ಕೂಗಾಡುತ್ತಿದ್ದಾನೆ. ಇನ್ನೂರು ಬಾಯಿಗೂ ಮತ್ತೆ ಬೀಗ ಬಿದ್ದಿದೆ. ಇಷ್ಟಕ್ಕೇ ನಿಲ್ಲಿಸುತ್ತೇನೆ ಮಾವಾ, ಎದ್ದು ನಿಲ್ಲಬೇಕಾಗಿದೆ.

ನಿಮ್ಮ ಅಳಿಯ